ಬೀಟಾ ಹಾಕಿದ ಮೂರನೇ ಕಂಪ್ಯೂಟರ್

2010ರ ಜನವರಿ. ನಮ್ಮ ಕಡೆ ಕೊನೆ ಕೊಯ್ಲು ಮುಗಿಯುತ್ತ ಬಂದಿತ್ತು. ಅಮ್ಮಮ್ಮನನ್ನು ಬಸ್ ಹತ್ತಿಸಿಕೊಂಡು ಶಿರಸಿಯ ಒಂದು ಸೈಬರ್‌ಗೆ ಕರೆದುಕೊಂಡು ಹೋಗಿದ್ದೆ. ಅಮೆರಿಕದಲ್ಲಿರುವ ಮಾವ ತನ್ನ ಮಗಳ ನಾಮಕರಣದ ವಿಡಿಯೊವನ್ನು ಯೂಟ್ಯೂಬ್‌ಗೆ ಹಾಕಿ, ಫೋನ್ ಮಾಡಿ ಹೇಳಿದ್ದ. ಎಂಟು ನಿಮಿಷದ ವಿಡಿಯೊ. ಅಮ್ಮಮ್ಮ ಮೊಮ್ಮಗಳ ಮುಖ ನೋಡಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು ಕಾದಳು. ಪರದೆಯ ನಡುವೆ ಬಿಳಿ ಚುಕ್ಕಿಗಳ ಒಂದು ಚಕ್ರ ತಿರುಗುತ್ತಿತ್ತು.

“ತಮಾ, ಇದು ತಿರುಗ್ತಾ ಇದ್ದೇ ಹೊರತು ಬತ್ತಿಲ್ಲೆ” ಅಂದಳು.

ಬಂದಿತು. ಆದರೆ ಮೊದಲ ಕಂಪ್ಯೂಟರಿನಲ್ಲಿ ಅಲ್ಲ. ಅದರಲ್ಲಿ ದನಿ ಮುಂದೆ ಹೋಗಿ ಚಿತ್ರ ಹಿಂದೆ ಉಳಿಯುತ್ತಿತ್ತು. ಎರಡನೆಯದರಲ್ಲಿ ವಿಡಿಯೊ ಇರಬೇಕಾದ ಜಾಗ ಬಿಳಿಯಾಗಿತ್ತು, ಪ್ಲಗಿನ್ ಹಾಕಿ ಎಂಬ ಇಂಗ್ಲಿಷ್ ಸಾಲೊಂದು ಮಾತ್ರ ಇತ್ತು. ಮೂರನೆಯದರಲ್ಲಿ ಚೆನ್ನಾಗಿ ಬಂತು. ಆ ಮೂರನೆಯದಕ್ಕೆ ಇನ್ನೂ ಬಿಡುಗಡೆಯಾಗದ ಒಂದು ಫ್ಲ್ಯಾಶ್ ಪ್ಲೇಯರನ್ನು, ಅಂದರೆ ಬೀಟಾವನ್ನು, ಹಾಕಿದವನು ನಾನೇ. ಅದರ ಕಥೆ ಹೇಳಬೇಕು. ಅದರಲ್ಲಿ ಖುಷಿಯೂ ಇದೆ, ಇವತ್ತಿಗೂ ನನಗೆ ಚುಚ್ಚುವ ಒಂದು ತಪ್ಪೂ ಇದೆ. ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಈಗ ಫೋನಿನಲ್ಲಿ ಬೆರಳು ಒತ್ತಿದರೆ ಯಕ್ಷಗಾನ ಶುರುವಾಗುತ್ತದೆ. ಇದಕ್ಕೆಂದು ಬೇರೆ ಏನನ್ನೋ ಹಾಕಿಕೊಳ್ಳಬೇಕಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಬ್ರೌಸರ್ ಹುಟ್ಟಿದ್ದು ಅಕ್ಷರ ತೋರಿಸುವುದಕ್ಕೆ. 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ಅಕ್ಷರದ ಮಧ್ಯೆಯೇ ಚಿತ್ರವನ್ನೂ ತೋರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಹಾಡು, ವಿಡಿಯೊ ಅದರ ಕೆಲಸವೇ ಆಗಿರಲಿಲ್ಲ. ಹಾಗಾಗಿ 1995–96ರ ಹೊತ್ತಿಗೆ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿಗೆ ಒಂದು ಹಿತ್ತಿಲ ಬಾಗಿಲು ಇಟ್ಟಿತು. ಬೇರೆ ಕಂಪನಿಯವರು ತಮ್ಮ ಪುಟ್ಟ ತಂತ್ರಾಂಶವನ್ನು ಅಲ್ಲಿಂದ ಒಳಗೆ ಕೂರಿಸಬಹುದು. ಪುಟದಲ್ಲಿ ಇಷ್ಟು ಜಾಗ ನಿನ್ನದು, ಅಲ್ಲಿ ಏನು ಬೇಕಾದರೂ ಕುಣಿ ಎಂಬ ಒಪ್ಪಂದ. ಅದೇ ಪ್ಲಗಿನ್. ಮೈಕ್ರೋಸಾಫ್ಟ್ 1996ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3 ತಂದಾಗ ಅದೇ ಕೆಲಸಕ್ಕೆ ಆಕ್ಟಿವ್‌ಎಕ್ಸ್ ಎಂಬ ತನ್ನದೇ ಬೇರೆ ಬಾಗಿಲು ಇಟ್ಟಿತು. ಎರಡು ಬಾಗಿಲು ಅಂದಮೇಲೆ ಪ್ರತಿ ಪ್ಲಗಿನ್ನೂ ಎರಡು ಸಲ ತಯಾರಾಗಬೇಕು, ಎರಡು ಸಲ ಪರೀಕ್ಷೆಯಾಗಬೇಕು. ಈ ಎರಡು ಬಾಗಿಲಿನ ತಾಪತ್ರಯ ಮುಂದಿನ ಇಪ್ಪತ್ತು ವರ್ಷ ನಮ್ಮ ಬೆನ್ನು ಬಿಡಲಿಲ್ಲ.

ಮೊದಲು ಬಂದವರಲ್ಲಿ ರಿಯಲ್‌ಆಡಿಯೊ ಒಂದು. 1995ರ ಏಪ್ರಿಲ್‌ನಲ್ಲಿ ಸಿಯಾಟಲ್‌ನ ಪ್ರೋಗ್ರೆಸಿವ್ ನೆಟ್‌ವರ್ಕ್ಸ್ ಕಂಪನಿ ಹೊರತಂದದ್ದು. ಪೂರ್ತಿ ಇಳಿಸಿಕೊಳ್ಳುವವರೆಗೆ ಕಾಯದೆ, ಇಳಿಯುತ್ತಿರುವಾಗಲೇ ಕೇಳಬಹುದು ಎಂಬುದು ಅದರ ಹೊಸತನ. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿತು. ಮಹಾನಗರಗಳಲ್ಲಿ, ಫೋನ್ ತಂತಿಯ ಮೇಲೆ. ನಮ್ಮ ಮೂರು ತಾಲೂಕುಗಳ ಮನೆಗಳಿಗೆ ಆಗ ಫೋನೇ ಸರಿಯಾಗಿ ಬಂದಿರಲಿಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಟೇಪ್‌ರೆಕಾರ್ಡರ್‌ಗೆ ತಾಳಮದ್ದಲೆಯ ಕ್ಯಾಸೆಟ್ ಹಾಕಿ ಕೂರುತ್ತಿದ್ದ ಕಾಲ ಅದು. ಬಫರಿಂಗ್ ಅನ್ನುವ ಶಬ್ದ ನಮ್ಮಲ್ಲಿಗೆ ಬರಲು ಇನ್ನೂ ಹತ್ತು ವರ್ಷ ಬೇಕಿತ್ತು. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸುವುದೊಂದೇ ನಮಗೆ ಗೊತ್ತಿದ್ದ ರಿಪೇರಿ.

ಕನ್ನಡಕ್ಕೆ ವಿಡಿಯೊಗಿಂತ ಮೊದಲು ಇನ್ನೊಂದು ಕಷ್ಟವಿತ್ತು: ಅಕ್ಷರವೇ ಬರುತ್ತಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ಕಂಪ್ಯೂಟರುಗಳು ಅದನ್ನು ಒತ್ತು, ಕಾಗುಣಿತಗಳ ಸಮೇತ ತೋರಿಸಲು ಕಲಿತದ್ದು ತಡವಾಗಿ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದದ್ದು 2001ರಲ್ಲಿ. ಅಲ್ಲಿಯವರೆಗೆ ಕನ್ನಡ ಪುಟ ಮಾಡಿದವರು ಏನು ಮಾಡುತ್ತಿದ್ದರು? 1996ರಲ್ಲಿ ಶುರುವಾದ, ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ದಂಥ ಜಾಲತಾಣಗಳು ಡೈನಮಿಕ್ ಫಾಂಟ್ ಎಂಬ ಉಪಾಯಕ್ಕೆ ಹೋದವು. ಪುಟದ ಜೊತೆಗೇ ಅಕ್ಷರದ ಅಚ್ಚನ್ನೂ ಕಳಿಸಿಬಿಡುವುದು, ಓದುಗ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಚಂದದ ಉಪಾಯ. ಆದರೆ ಇಲ್ಲೂ ಅದೇ ಎರಡು ಬಾಗಿಲು. ನೆಟ್‌ಸ್ಕೇಪ್‌ಗೆ ಒಂದು ಬಗೆಯ ಫಾಂಟ್ ಕಡತ, ಎಕ್ಸ್‌ಪ್ಲೋರರ್‌ಗೆ ಇನ್ನೊಂದು ಬಗೆ. ನೆಟ್‌ಸ್ಕೇಪ್ ಮುಂದಿನ ಆವೃತ್ತಿಯಲ್ಲಿ ತನ್ನ ಬಗೆಯನ್ನು ಕೈಬಿಟ್ಟಿತು. ಉಳಿದದ್ದು ಎಕ್ಸ್‌ಪ್ಲೋರರ್ ಒಂದೇ. ಹಾಗಾಗಿ ಬಹಳ ವರ್ಷ ಎಷ್ಟೋ ಕನ್ನಡ ಪುಟಗಳನ್ನು ಬೇರೆ ಬ್ರೌಸರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು.

ಫ್ಲ್ಯಾಶ್ ಬಂದದ್ದು ಇದೇ ಗಲಾಟೆಯ ನಡುವೆ. ಜೊನಾಥನ್ ಗೇ ಎಂಬಾತನ ಫ್ಯೂಚರ್‌ವೇವ್ ಎಂಬ ಸಣ್ಣ ಕಂಪನಿ 1996ರಲ್ಲಿ ಫ್ಯೂಚರ್‌ಸ್ಪ್ಲ್ಯಾಶ್ ಎಂಬ ಅನಿಮೇಷನ್ ತಂತ್ರಾಂಶ ತಂದಿತು. ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯಾ ಅದನ್ನು ಕೊಂಡು ಹೆಸರು ಚಿಕ್ಕದು ಮಾಡಿತು. 2005ರ ಡಿಸೆಂಬರ್‌ನಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಕನ್ನಡದ ಮಟ್ಟಿಗೆ ಫ್ಲ್ಯಾಶ್‌ನಲ್ಲಿ ಒಂದು ಅಡ್ಡದಾರಿ ಇತ್ತು. ನುಡಿ, ಬರಹದಲ್ಲಿ ಟೈಪ್ ಮಾಡಿದ ಸಾಲನ್ನು ಆರಿಸಿ ‘ಬ್ರೇಕ್ ಅಪಾರ್ಟ್’ ಅಂತ ಒತ್ತಿದರೆ ಅಕ್ಷರವೆಲ್ಲ ಬರೀ ಆಕಾರವಾಗಿ, ಚಿತ್ರವಾಗಿ ಬದಲಾಗುತ್ತಿತ್ತು. ನೋಡುವವನ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇದೆ, ಇಲ್ಲ ಎಂಬ ಚಿಂತೆಯೇ ಇಲ್ಲ. ಕನ್ನಡದ ಮಕ್ಕಳ ಪದ್ಯಗಳ ಸಿಡಿ, ಮದುವೆ ಕರೆಯೋಲೆಯ ಅನಿಮೇಷನ್, ಇವಕ್ಕೆಲ್ಲ ಇದೇ ದಾರಿ. ಫ್ಲ್ಯಾಶ್ ತಾನಾಗಿಯೇ ಭಾರತದ ಲಿಪಿಗಳನ್ನು ಸರಿಯಾಗಿ ಜೋಡಿಸುವ ಹೊಸ ಪಠ್ಯ ಯಂತ್ರ ಪಡೆದದ್ದು 2008ರ ಅಕ್ಟೋಬರ್‌ನಲ್ಲಿ ಬಂದ 10ನೇ ಆವೃತ್ತಿಯಲ್ಲಿ. ಅಂದರೆ ಹುಟ್ಟಿ ಹನ್ನೆರಡು ವರ್ಷದ ಮೇಲೆ.

ಫ್ಲ್ಯಾಶ್‌ಗೆ ವಿಡಿಯೊ ಆಡಿಸುವ ಶಕ್ತಿ ಬಂದದ್ದು 2002ರ ಆರನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ವಿಡಿಯೊ ನೋಡಬೇಕೆಂದರೆ ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ವಿಂಡೋಸ್ ಮೀಡಿಯಾ ಮೂರನ್ನೂ ಹಾಕಿಟ್ಟುಕೊಳ್ಳಬೇಕಿತ್ತು. 2005ರಲ್ಲಿ ಹುಟ್ಟಿದ ಯೂಟ್ಯೂಬ್ ಫ್ಲ್ಯಾಶನ್ನೇ ನೆಚ್ಚಿಕೊಂಡಿತು. ಹೇಗೂ ಎಲ್ಲರ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಲೆಕ್ಕ. ಅದೇ ವರ್ಷ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಶುರುವಾಗಿ, ನಿಧಾನಕ್ಕೆ ನಮ್ಮ ತಾಲೂಕು ಕೇಂದ್ರಗಳಿಗೂ ಬಂತು. ಸೈಬರ್‌ಗಳು ಎದ್ದವು.

ಆ ಬ್ರಾಡ್‌ಬ್ಯಾಂಡ್ ಎಷ್ಟು ಅಗಲವಿತ್ತು ಅಂತ ಒಂದು ಲೆಕ್ಕ ಹಾಕೋಣ. ಸರ್ಕಾರದ 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಸಾಕು, ಬ್ರಾಡ್‌ಬ್ಯಾಂಡ್ ಅನ್ನಬಹುದು. ಅಂದರೆ ಸೆಕೆಂಡಿಗೆ 32 ಕಿಲೊಬೈಟ್. ಮಾವನ ಎಂಟು ನಿಮಿಷದ ವಿಡಿಯೊ ಸುಮಾರು 18 ಎಂಬಿ ಅಂತ ಇಟ್ಟುಕೊಳ್ಳಿ. ಒಬ್ಬನೇ ಕೂತರೆ ಒಂಬತ್ತು ಹತ್ತು ನಿಮಿಷದಲ್ಲಿ ಇಳಿಯಬೇಕು. ಸೈಬರ್‌ನಲ್ಲಿ ಆರು ಕಂಪ್ಯೂಟರ್. ಆರೂ ಜನ ಹಂಚಿಕೊಂಡರೆ ಒಬ್ಬರಿಗೆ ಸೆಕೆಂಡಿಗೆ ಐದು ಕಿಲೊಬೈಟ್ ಚಿಲ್ಲರೆ. ಎಂಟು ನಿಮಿಷದ ನಾಮಕರಣ ಇಳಿಯಲು ಹೆಚ್ಚುಕಡಿಮೆ ಒಂದು ಗಂಟೆ. ಅದಕ್ಕೇ ನಮ್ಮದೊಂದು ಉಪಾಯವಿತ್ತು, ನಿಮಗೂ ನೆನಪಿರಬಹುದು: ವಿಡಿಯೊ ಹಚ್ಚಿ, ತಕ್ಷಣ ನಿಲ್ಲಿಸಿ, ಹೊರಗೆ ಹೋಗಿ ಚಹಾ ಕುಡಿದು ಬರುವುದು. ಅಷ್ಟರಲ್ಲಿ ಕೆಳಗಿನ ಪಟ್ಟಿ ತುಂಬಿರುತ್ತದೆ. ಯೂಟ್ಯೂಬ್‌ನವರು 2013ರ ಹೊತ್ತಿಗೆ ವಿಡಿಯೊವನ್ನು ತುಂಡು ತುಂಡಾಗಿ ಮಾತ್ರ ಕಳಿಸುವ ಕ್ರಮ ತಂದು ಈ ಚಹಾದ ಉಪಾಯವನ್ನು ಕೆಡಿಸಿದರು. ಡೇಟಾ ಉಳಿಯುತ್ತದೆ, ನಿಜ. ಆದರೆ ನೆಟ್ ನಿಧಾನ ಇರುವವನಿಗೆ ಮೊದಲೇ ತುಂಬಿಸಿಟ್ಟುಕೊಳ್ಳುವ ದಾರಿ ಹೋಯಿತು.

ಇನ್ನೊಂದು ನೆನಪು. ಆಗ ಸಾಮಾನ್ಯ ಬಳಕೆದಾರರು ಹತ್ತು ನಿಮಿಷಕ್ಕಿಂತ ಉದ್ದದ ವಿಡಿಯೊ ಏರಿಸುವಂತಿರಲಿಲ್ಲ. ಅದಕ್ಕೇ ಒಂದು ಯಕ್ಷಗಾನ ಪ್ರಸಂಗ ಇಪ್ಪತ್ತು ಮೂವತ್ತು ತುಂಡಾಗಿ ಸಿಗುತ್ತಿತ್ತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ವೇಷ ಒಳ್ಳೇ ಕುಣಿತದಲ್ಲಿರುವಾಗ ಭಾಗ ಏಳು ಮುಗಿಯುತ್ತಿತ್ತು. ಭಾಗ ಎಂಟು ಹುಡುಕಿ ಹಚ್ಚಿ, ಮತ್ತೆ ಚಕ್ರ ತಿರುಗಿ, ಭಾಗವತರ ಪದ ಅರ್ಧದಿಂದ ಶುರುವಾಗುತ್ತಿತ್ತು.

ಈಗ ಬೀಟಾದ ವಿಷಯ. ನಾನು ಆಗ ಡಿಗ್ರಿ ಎರಡನೇ ವರ್ಷ. ಕಾಲೇಜು ಬಿಟ್ಟ ಮೇಲೆ ಸಂಜೆ ಅದೇ ಸೈಬರ್‌ನಲ್ಲಿ ಗಲ್ಲೆ ನೋಡಿಕೊಳ್ಳುತ್ತ ಕೂರುತ್ತಿದ್ದೆ. 2009ರ ನವೆಂಬರ್ 17ರಂದು ಅಡೋಬಿ ತನ್ನ ಲ್ಯಾಬ್ಸ್ ಜಾಲತಾಣದಲ್ಲಿ ಫ್ಲ್ಯಾಶ್ ಪ್ಲೇಯರ್ 10.1ರ ಮೊದಲ ಬೀಟಾ ಇಟ್ಟಿತು. ಯಾರು ಬೇಕಾದರೂ ಇಳಿಸಿಕೊಂಡು, ಹಾಕಿ ನೋಡಿ, ತಪ್ಪು ಕಂಡರೆ ತಿಳಿಸಿ ಎಂಬ ಕರೆ. ಆ ಆವೃತ್ತಿಯ ಮಾತೇ ದೊಡ್ಡದು: ಡೆಸ್ಕ್‌ಟಾಪ್, ಲ್ಯಾಪ್‌ಟಾಪ್, ಮೊಬೈಲ್ ಎಲ್ಲದಕ್ಕೂ ಒಂದೇ ಫ್ಲ್ಯಾಶ್. ಜೊತೆಗೆ ಎಚ್.264 ವಿಡಿಯೊ ಬಿಡಿಸುವ ಕೆಲಸವನ್ನು ಸಿಪಿಯು ಹೆಗಲಿಂದ ತೆಗೆದು ಗ್ರಾಫಿಕ್ಸ್ ಕಾರ್ಡಿಗೆ ಹೊರಿಸುತ್ತೇವೆ ಎಂಬ ಭರವಸೆ. ಡಿಸೆಂಬರ್‌ನಲ್ಲಿ ಎರಡನೇ ಬೀಟಾ ಬಂತು. ನಾನು ಹಾಕಿದ್ದು ಅದನ್ನು.

ಪರೀಕ್ಷೆ ಅಂದರೆ ಏನು ಮಾಡಬೇಕಿತ್ತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಕೆಲಸ ಈಗ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಇದ್ದ ಹಳೇ ಪ್ಲೇಯರನ್ನು ಪೂರ್ತಿ ಕಿತ್ತು ಹಾಕಬೇಕು. ಅದಕ್ಕೇ ಬೇರೆ ಒಂದು ಅನ್‌ಇನ್‌ಸ್ಟಾಲರ್. ತೆರೆದಿರುವ ಬ್ರೌಸರುಗಳನ್ನೆಲ್ಲ ಮುಚ್ಚಬೇಕು. ಆಮೇಲೆ ಎಕ್ಸ್‌ಪ್ಲೋರರ್‌ಗೆ ಒಂದು ಇನ್‌ಸ್ಟಾಲರ್, ಫೈರ್‌ಫಾಕ್ಸ್ ಮತ್ತಿತರಕ್ಕೆ ಇನ್ನೊಂದು. ಒಂದನ್ನು ಹಾಕಿ ಇನ್ನೊಂದನ್ನು ಮರೆತರೆ, ಅದೇ ಕಂಪ್ಯೂಟರಿನಲ್ಲಿ ಒಂದು ಬ್ರೌಸರಿಗೆ ವಿಡಿಯೊ ಬರುತ್ತದೆ, ಇನ್ನೊಂದಕ್ಕೆ ಇಲ್ಲ. ಎರಡನೇ ಕಂಪ್ಯೂಟರಿನಲ್ಲಿ ಅಮ್ಮಮ್ಮನಿಗೆ ಬಿಳಿ ಚೌಕ ಕಂಡದ್ದು ಇದೇ ಕಾರಣಕ್ಕೆ. ಹಾಕಿದ ಮೇಲೆ ವಿಡಿಯೊ ಮೇಲೆ ಬಲಗುಂಡಿ ಒತ್ತಿ ಆವೃತ್ತಿಯ ಸಂಖ್ಯೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಒಂದೇ ವಿಡಿಯೊವನ್ನು ಚಿಕ್ಕದಾಗಿ, ಪೂರ್ತಿ ಪರದೆಗೆ, ಬೇರೆ ಬೇರೆ ಬ್ರೌಸರಿನಲ್ಲಿ ಆಡಿಸಿ ಸಿಪಿಯು ಎಷ್ಟು ಶೇಕಡ ಏರುತ್ತದೆ ಅಂತ ಬರೆದುಕೊಳ್ಳಬೇಕು. ತಪ್ಪು ಕಂಡರೆ ಅಡೋಬಿಯ ಬಗ್ ಜಾಲತಾಣಕ್ಕೆ ಹೋಗಿ ಯಾವ ಓಎಸ್, ಯಾವ ಬ್ರೌಸರ್, ಯಾವ ಹೆಜ್ಜೆ ಇಟ್ಟಾಗ ಹೀಗಾಯಿತು ಅಂತ ಇಂಗ್ಲಿಷಿನಲ್ಲಿ ಬರೆಯಬೇಕು.

ನನ್ನ ಹತ್ತಿರ ಒಂದು ಬೈಂಡ್ ಪುಸ್ತಕ ಇತ್ತು. ಹಿಂದಿನ ಪುಟಗಳಲ್ಲಿ ಗಿರಾಕಿಗಳ ಹೆಸರು, ಬಂದ ಹೊತ್ತು, ಹೋದ ಹೊತ್ತು. ಕೊನೆಯ ಪುಟಗಳಲ್ಲಿ ನನ್ನ ಪರೀಕ್ಷೆಯ ಲೆಕ್ಕ. ಗ್ರಾಫಿಕ್ಸ್ ಕಾರ್ಡಿನ ಭರವಸೆ ನಮ್ಮಲ್ಲಿ ಏನೂ ಪ್ರಯೋಜನಕ್ಕೆ ಬರಲಿಲ್ಲ. ಅಡೋಬಿ ಕೊಟ್ಟ ಪಟ್ಟಿಯಲ್ಲಿ ಎನ್‌ವಿಡಿಯಾ, ಎಎಂಡಿ, ಇಂಟೆಲ್‌ಗಳ ಆಗಿನ ಹೊಸ ಚಿಪ್‌ಗಳಿದ್ದವು. ಸೈಬರ್‌ನ ಪೆಂಟಿಯಂ 4 ಡಬ್ಬಿಗಳು ಆ ಪಟ್ಟಿಯ ಹತ್ತಿರಕ್ಕೂ ಹೋಗುವಂತಿರಲಿಲ್ಲ. ಆದರೂ ಮೂರನೇ ಕಂಪ್ಯೂಟರ್ ಉಳಿದವುಗಳಿಗಿಂತ ಸಲೀಸಾಗಿ ಓಡಿತು. ಅದು ಬೀಟಾದ ಗುಣವೋ, ಆ ಡಬ್ಬಿಯಲ್ಲಿ ರ‍್ಯಾಮ್ ಜಾಸ್ತಿ ಇದ್ದದ್ದಕ್ಕೋ ಅಂತ ಬೇರೆ ಮಾಡಿ ನೋಡುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಪರೀಕ್ಷೆ ಮಾಡುವವನು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದನ್ನು ಕಲಿತದ್ದು ಆಮೇಲೆ.

ಅಮ್ಮಮ್ಮ ಪೂರ್ತಿ ಪರದೆಯಲ್ಲಿ ಮೊಮ್ಮಗಳನ್ನು ನೋಡಿದ್ದು ಆ ಮೂರನೆಯದರಲ್ಲಿ. ಎರಡು ಸಲ ನೋಡಿದಳು. “ಮೂಗು ಥೇಟ್ ನಿನ್ನ ಅಜ್ಜಂದು” ಅಂದಳು. ನನಗೆ ಗೆದ್ದಷ್ಟು ಖುಷಿ.

ಅದಾಗಿ ಒಂದೆರಡು ವಾರಕ್ಕೆ ಸಿದ್ದಾಪುರ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಯಾವುದೋ ನೇಮಕಾತಿಗೆ ಅರ್ಜಿ ತುಂಬಬೇಕು, ಅವತ್ತೇ ಕೊನೇ ದಿನ. ಖಾಲಿ ಇದ್ದದ್ದು ಮೂರನೆಯದು. ಕೂರಿಸಿದೆ. ಪುಟ ಪುಟವಾಗಿ ತುಂಬುವ ಉದ್ದದ ಅರ್ಜಿ. ಅಂಕಪಟ್ಟಿ ಪಕ್ಕಕ್ಕೆ ಇಟ್ಟುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಮುಕ್ಕಾಲು ಗಂಟೆ ಆಗಿರಬೇಕು. ಹಿಂದಿನ ಗಿರಾಕಿ ತೆರೆದಿಟ್ಟು ಹೋದ ಇನ್ನೊಂದು ಟ್ಯಾಬ್‌ನಲ್ಲಿ ಫ್ಲ್ಯಾಶ್ ಜಾಹೀರಾತೊಂದು ಕುಣಿಯುತ್ತಿತ್ತು. ಬೀಟಾ ಅಲ್ಲಿ ಎಡವಿತು. ಫೈರ್‌ಫಾಕ್ಸ್ ಇಡೀ ಕಿಟಕಿ ಮಾಯವಾಯಿತು. ಅರ್ಜಿಯೂ ಹೋಯಿತು.

ಅವಳು ಏನೂ ಬೈಯಲಿಲ್ಲ. ತಾನೇ ಏನೋ ತಪ್ಪು ಒತ್ತಿದೆ ಅಂದುಕೊಂಡಿದ್ದಳು. “ಅಣ್ಣಾ, ನನ್ನ ಕೈಯಿಂದ ಏನೋ ಆಯ್ತು, ಮತ್ತೆ ಬರ್ತದಾ?” ಅಂತ ಕೇಳಿದಳು. ನಾನೇ ಬೇರೆ ಕಂಪ್ಯೂಟರಿಗೆ ಕೂತು ಅವಳು ಹೇಳಿದ್ದನ್ನೆಲ್ಲ ಟೈಪ್ ಮಾಡಿಕೊಟ್ಟೆ. ರಾತ್ರಿ ಎಂಟೂವರೆಗೆ ಅರ್ಜಿ ಹೋಯಿತು. ಊರಿಗೆ ಹೋಗುವ ಕೊನೇ ಬಸ್ಸು ಅಷ್ಟು ಹೊತ್ತಿಗೆ ಹೋಗಿಯಾಗಿತ್ತು. ಅವಳಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಇಬ್ಬರೂ ಪೇಟೆಯ ನೆಂಟರ ಮನೆಗೆ ಹೋದರು. ಆ ಕಂಪ್ಯೂಟರಿನಲ್ಲಿ ಪರೀಕ್ಷೆಗೆ ಹಾಕಿದ ತಂತ್ರಾಂಶ ಇದೆ ಅಂತ ನಾನು ಅವಳಿಗೆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ತಪ್ಪು ತನ್ನದು ಎಂದುಕೊಂಡೇ ಹೋದಳು. ಆ ರಾತ್ರಿಯೇ ಬೀಟಾ ಕಿತ್ತು ಹಳೆಯದನ್ನು ಹಾಕಿದೆ. ಬಗ್ ಜಾಲತಾಣಕ್ಕೆ ಏನನ್ನೂ ಬರೆಯಲಿಲ್ಲ. ಇಂಗ್ಲಿಷ್ ಬರೆಯಲು ನಾಚಿಕೆ, ಜೊತೆಗೆ ಆ ಜಾಹೀರಾತಿನ ವಿಳಾಸವೂ ನನ್ನ ಹತ್ತಿರ ಇರಲಿಲ್ಲ.

ಒಂದು ಪ್ಲಗಿನ್ ಬಿದ್ದರೆ ಇಡೀ ಬ್ರೌಸರ್ ಯಾಕೆ ಬೀಳಬೇಕು? ನೆಟ್‌ಸ್ಕೇಪ್ ಇಟ್ಟ ಹಿತ್ತಿಲ ಬಾಗಿಲಿನ ಸ್ವಭಾವವೇ ಅದು. ಒಳಗೆ ಬಂದ ಪ್ಲಗಿನ್ ಮನೆಯವನ ಜೊತೆಗೇ, ಅದೇ ಮೆಮೊರಿಯಲ್ಲಿ ಸಂಸಾರ ಮಾಡುತ್ತದೆ. ಅದು ಕಂಬಕ್ಕೆ ಗುದ್ದಿದರೆ ಮಾಡು ಕುಸಿಯುತ್ತದೆ. 2008ರಲ್ಲಿ ಬಂದ ಕ್ರೋಮ್ ಪ್ಲಗಿನ್‌ಗಳಿಗೆ ಬೇರೆಯೇ ಕೊಟ್ಟಿಗೆ ಕಟ್ಟಿತ್ತು. ಫೈರ್‌ಫಾಕ್ಸ್ ಅದನ್ನು ಮಾಡಿದ್ದು 2010ರ ಜೂನ್‌ನಲ್ಲಿ ಬಂದ 3.6.4 ಆವೃತ್ತಿಯಲ್ಲಿ. ಅದಾದ ಮೇಲೆ ಫ್ಲ್ಯಾಶ್ ಸತ್ತರೆ ಅದರ ಚೌಕ ಮಾತ್ರ ಬೂದು ಬಣ್ಣಕ್ಕೆ ತಿರುಗುತ್ತಿತ್ತು, ಉಳಿದ ಪುಟ ಹಾಗೇ ಇರುತ್ತಿತ್ತು. ಆ ಹುಡುಗಿಗೆ ಐದು ತಿಂಗಳು ತಡ.

ಬೀಟಾ ಅಂದರೆ ಅಪಾಯ, ಬಿಡುಗಡೆಯಾದದ್ದು ಅಂದರೆ ಕ್ಷೇಮ ಅಂತಲೂ ಇರಲಿಲ್ಲ, ಅದು ಇನ್ನೊಂದು ವಿಚಿತ್ರ. 2010ರ ಜೂನ್ 4ರಂದು ಅಡೋಬಿ ಒಂದು ಎಚ್ಚರಿಕೆ ಕೊಟ್ಟಿತು: ಎಲ್ಲರೂ ಬಳಸುತ್ತಿದ್ದ ಫ್ಲ್ಯಾಶ್‌ನಲ್ಲಿ ಒಂದು ಬಿರುಕಿದೆ, ಕಳ್ಳರು ಆಗಲೇ ಅದರಿಂದ ನುಗ್ಗುತ್ತಿದ್ದಾರೆ. ಇನ್ನೂ ಪರೀಕ್ಷೆಯಲ್ಲಿದ್ದ 10.1ರಲ್ಲಿ ಆ ಬಿರುಕು ಇದ್ದಂತಿಲ್ಲ! ಆರು ದಿನದಲ್ಲಿ, ಜೂನ್ 10ಕ್ಕೆ, 10.1ರ ಅಂತಿಮ ಆವೃತ್ತಿ ಬಂದುಬಿಟ್ಟಿತು.

ಇನ್ನು ಮೊಬೈಲ್. ಸೈಬರ್‌ನ ಪಕ್ಕದಲ್ಲೇ ಮೊಬೈಲ್ ಅಂಗಡಿ. ನಮ್ಮ ಜನ ಮೊದಲು ವಿಡಿಯೊ ನೋಡಿದ್ದು ನೆಟ್‌ನಲ್ಲಿ ಅಲ್ಲ, ಮೆಮೊರಿ ಕಾರ್ಡಿನಲ್ಲಿ. ಅಂಗಡಿಯವನಿಗೆ ದುಡ್ಡು ಕೊಟ್ಟರೆ ಯಕ್ಷಗಾನದ ತುಣುಕು, ಸಿನಿಮಾ ಹಾಡು ಎಲ್ಲ ತುಂಬಿಸಿಕೊಡುತ್ತಿದ್ದ. ನೋಕಿಯಾ ಫೋನುಗಳಲ್ಲಿ ರಿಯಲ್‌ಪ್ಲೇಯರ್ ಇರುತ್ತಿತ್ತು, 1995ರ ಅದೇ ರಿಯಲ್‌ಆಡಿಯೊದ ವಂಶ. 2007ರಲ್ಲಿ ಯೂಟ್ಯೂಬ್ ಮೊಬೈಲ್ ಪುಟ ತೆರೆದಾಗ ವಿಡಿಯೊ ಒತ್ತಿದರೆ ತೆರೆದುಕೊಳ್ಳುತ್ತಿದ್ದದ್ದು ಅದೇ ಪ್ಲೇಯರ್. ಅಂಗೈಯಲ್ಲಿ ಅಂಚೆಚೀಟಿಯಷ್ಟು ಚಿತ್ರ.

ಓದುವುದಕ್ಕೆ ನಮಗಿದ್ದದ್ದು ಒಪೆರಾ ಮಿನಿ. ಫೋನಿನಲ್ಲಿ ಕನ್ನಡ ಫಾಂಟೇ ಇಲ್ಲ, ಎಲ್ಲ ಚೌಕ ಚೌಕ. ಆಗ ಬಾಯಿಂದ ಬಾಯಿಗೆ ಒಂದು ಮಂತ್ರ ಹಬ್ಬಿತ್ತು: ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಹೊಡೆದು, ಕೆಳಗೆ ಹೋಗಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಬಳಸಬೇಕೇ ಎಂಬ ಕಡೆ ‘ಯೆಸ್’ ಮಾಡಿ ಉಳಿಸುವುದು. ಆಮೇಲೆ ಆ ಕಂಪನಿಯ ಸರ್ವರ್‌ನಲ್ಲೇ ಕನ್ನಡ ಸಾಲುಗಳು ಚಿತ್ರವಾಗಿ ಬದಲಾಗಿ ನಮ್ಮ ಡಬ್ಬಾ ಫೋನಿಗೆ ಬರುತ್ತಿದ್ದವು. ನಾನೊಬ್ಬನೇ ಎಷ್ಟೋ ಜನರ ಫೋನಿಗೆ ಮಾಡಿಕೊಟ್ಟಿದ್ದೇನೆ. ಯಲ್ಲಾಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹಿರಿಯರೊಬ್ಬರಿಗೆ ಮಾಡಿಕೊಟ್ಟಾಗ ಅವರು ಇಳಿಯುವ ಊರನ್ನೇ ಮರೆತು ಓದುತ್ತಿದ್ದರು. ಆದರೆ ಒಪೆರಾ ಮಿನಿಯಲ್ಲಿ ಫ್ಲ್ಯಾಶ್ ವಿಡಿಯೊ ಬರುವುದಿಲ್ಲ. ಓದಲು ಒಂದು ಬ್ರೌಸರ್, ನೋಡಲು ಇನ್ನೊಂದು. ಇಲ್ಲೂ ಎರಡು ಬಾಗಿಲು.

10.1 ಬಂದಾಗ ಇದೆಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. 2010ರ ಏಪ್ರಿಲ್‌ನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಐಫೋನಿಗೆ ಫ್ಲ್ಯಾಶ್ ಬೇಡ, ಅದು ಬ್ಯಾಟರಿ ತಿನ್ನುತ್ತದೆ, ಬೆರಳಿನ ಸ್ಪರ್ಶಕ್ಕೆ ಹೊಂದುವುದಿಲ್ಲ, ಸುರಕ್ಷಿತವಲ್ಲ ಅಂದಿದ್ದರು. ಗೂಗಲ್ ಅದಕ್ಕೆ ಎದುರಾಗಿ ಆಂಡ್ರಾಯ್ಡ್ 2.2ರಲ್ಲಿ ಫ್ಲ್ಯಾಶ್‌ಗೆ ಮಣೆ ಹಾಕಿತು. ಆ ವರ್ಷ ದೀಪಾವಳಿಗೆ ಬೆಂಗಳೂರಿನಿಂದ ಬಂದ ಭಾವನ ಕೈಯಲ್ಲಿ ಎಚ್‌ಟಿಸಿ ಡಿಸೈರ್. ಅದರಲ್ಲಿ ಫ್ಲ್ಯಾಶ್ ಇತ್ತು. ಅಂಗಳದಲ್ಲಿ ನಿಂತು ಯೂಟ್ಯೂಬ್‌ನ ಡೆಸ್ಕ್‌ಟಾಪ್ ಪುಟವನ್ನೇ ತೆರೆದೆವು. ಪ್ಲೇಯರ್ ಬಂತು, ಗುಂಡಿ ಬಂತು, ಚಕ್ರ ಬಂತು. ನಮ್ಮೂರಿನ ನೆಟ್‌ವರ್ಕ್‌ನಲ್ಲಿ ವಿಡಿಯೊ ಬರಲಿಲ್ಲ. ಫೋನು ಮಾತ್ರ ಬಿಸಿಯಾಯಿತು. “ಬೆಂಗಳೂರಲ್ಲಿ ಚೊಲೋ ಬತ್ತು ಮಾರಾಯಾ” ಅಂದ ಭಾವ.

ಮುಂದೆ ಊರಿನವರ ಕೈಗೆ ಬಂದ ಆಂಡ್ರಾಯ್ಡ್ ಅಂದರೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ ಥರದ್ದು. ನನ್ನ ಇನ್ನೊಬ್ಬ ಮಾವ ಅಡಿಕೆ ಕೊಟ್ಟ ದುಡ್ಡಿನಲ್ಲಿ ಅದನ್ನೇ ಕೊಂಡ. ಫ್ಲ್ಯಾಶ್ ಹಾಕಿಕೊಡು ಅಂತ ತಂದುಕೊಟ್ಟ. ಈ ಫೋನಿಗೆ ಲಭ್ಯವಿಲ್ಲ ಅಂತ ಬಂತು. ಕಾರಣ ಇಷ್ಟೇ: ಮೊಬೈಲ್ ಫ್ಲ್ಯಾಶ್ ತಯಾರಾದದ್ದು ಎಆರ್‌ಎಂವಿ7 ಎಂಬ ಹೊಸ ಬಗೆಯ ಚಿಪ್‌ಗೆ. ಕಡಿಮೆ ಬೆಲೆಯ ಫೋನುಗಳಲ್ಲಿದ್ದದ್ದು ಎಆರ್‌ಎಂವಿ6. ಎಲ್ಲ ಸಾಧನಕ್ಕೂ ಒಂದೇ ಫ್ಲ್ಯಾಶ್ ಅನ್ನುವಾಗ ಅವರ ‘ಎಲ್ಲ’ದಲ್ಲಿ ಮಾವನ ಫೋನು ಇರಲಿಲ್ಲ. ನನ್ನ ದೂರು ಅಡೋಬಿಯ ಮೇಲೊಂದೇ ಅಲ್ಲ. ಯಾರು ಪರೀಕ್ಷೆ ಮಾಡುತ್ತಾರೋ ಅವರ ಮೇಜಿನ ಮೇಲಿರುವ ಸಾಧನದಲ್ಲಿ ತಂತ್ರಾಂಶ ಸರಿಯಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೊಬೈಲ್ ಅಂಗಡಿಯಲ್ಲಿ ಯಾವ ಫೋನು ಹೆಚ್ಚು ಹೋಗುತ್ತದೆ ಅಂತ ಆ ಮೇಜಿನವರೆಗೆ ತಿಳಿಸಿದವರು ಯಾರು? ಬೀಟಾ ಕಿತ್ತು ಹಾಕಿ ಸುಮ್ಮನೆ ಕೂತ ನನ್ನಂಥವರೂ ಅದರಲ್ಲಿ ಪಾಲುದಾರರೇ.

2011ರ ನವೆಂಬರ್ 9ರಂದು ಅಡೋಬಿಯೇ ಮೊಬೈಲ್ ಬ್ರೌಸರಿನ ಫ್ಲ್ಯಾಶ್ ಕೈಬಿಟ್ಟಿತು. 2012ರ ಆಗಸ್ಟ್ 15ಕ್ಕೆ ಗೂಗಲ್ ಪ್ಲೇಯಲ್ಲಿ ಹೊಸಬರಿಗೆ ಸಿಗುವುದು ನಿಂತಿತು. ಅದಕ್ಕೆ ಒಂದು ತಿಂಗಳ ಮೊದಲಷ್ಟೇ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಬೆಂಬಲ ಸೇರಿತ್ತು. ಅಕ್ಷರ ಬರುವ ಹೊತ್ತಿಗೆ ಪ್ಲಗಿನ್ ಹೊರಟಿತ್ತು.

ಆದರೆ ಪ್ಲಗಿನ್ ಹೋದದ್ದರಿಂದ ನಮಗೆ ಕೆಟ್ಟದ್ದಾಗಲಿಲ್ಲ. ಬ್ರೌಸರೇ ವಿಡಿಯೊ ಆಡಿಸಲಿ ಎಂಬ ಪ್ರಸ್ತಾಪವನ್ನು ಒಪೆರಾದವರು 2007ರಲ್ಲೇ ಇಟ್ಟಿದ್ದರು. 2009ರ ಫೈರ್‌ಫಾಕ್ಸ್ 3.5ರಲ್ಲಿ ಅದು ಕೆಲಸವನ್ನೂ ಮಾಡುತ್ತಿತ್ತು. ಎಚ್‌ಟಿಎಂಎಲ್5 ಅಂತ ಕರೆದದ್ದು ಇದರ ಸುತ್ತಲಿನ ಬದಲಾವಣೆಯನ್ನೇ. 2015ರ ಜನವರಿಯಲ್ಲಿ ಯೂಟ್ಯೂಬ್ ಅದನ್ನೇ ತನ್ನ ಮೊದಲ ಆಯ್ಕೆ ಮಾಡಿಕೊಂಡಿತು. ಅದೇ ವರ್ಷ ಕ್ರೋಮ್ ನೆಟ್‌ಸ್ಕೇಪ್ ಕಾಲದ ಹಿತ್ತಿಲ ಬಾಗಿಲಿಗೆ ಬೀಗ ಹಾಕಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ನಮ್ಮ ಕಡೆ ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ವಿಡಿಯೊ ನೋಡುವುದು ಮಾಮೂಲಾಯಿತು. ಪ್ಲಗಿನ್ ಎಂಬ ಶಬ್ದವನ್ನೇ ಕೇಳದ ಜನ ಲಕ್ಷಗಟ್ಟಲೆ ನೆಟ್‌ಗೆ ಬಂದರು.

ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31 ಕೊನೇ ದಿನ. 2021ರ ಜನವರಿ 12ರಿಂದ ಅದು ತಾನಾಗಿಯೇ ಓಡಲು ನಿರಾಕರಿಸಿತು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಅರ್ಜಿಗಳು ಫ್ಲ್ಯಾಶ್‌ನಲ್ಲೇ ಇದ್ದವು. ಅವನ್ನು ತುಂಬಲು ಆ ಇಲಾಖೆ ಫ್ಲ್ಯಾಶ್ ಇರುವ ತನ್ನದೇ ಬ್ರೌಸರ್ ಮಾಡಿ ಹಂಚಬೇಕಾಯಿತು. ಸರ್ಕಾರಿ ಅರ್ಜಿ, ಫ್ಲ್ಯಾಶ್ ಎರಡೂ ಒಟ್ಟಿಗೆ ಕೇಳಿದಾಗ ನನಗೆ ಬೇರೇನೋ ನೆನಪಾಯಿತು.

ಈಗಲೂ ಬೀಟಾಗಳಿವೆ. ಪ್ಲೇ ಸ್ಟೋರ್‌ನಲ್ಲಿ ಕ್ರೋಮ್ ಬೀಟಾ, ಕ್ಯಾನರಿ, ಫೈರ್‌ಫಾಕ್ಸ್ ನೈಟ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಹಳೇ ಪ್ಲಗಿನ್ ಬೀಟಾ ಒಳ್ಳೆಯದನ್ನು ಕಿತ್ತು ಆ ಜಾಗದಲ್ಲಿ ಕೂರುತ್ತಿತ್ತು. ಇವು ಬೇರೆ ಆ್ಯಪ್ ಆಗಿ ಪಕ್ಕದಲ್ಲಿ ಇರುತ್ತವೆ, ನಿಮ್ಮ ಮಾಮೂಲಿ ಬ್ರೌಸರ್ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿಯುವ ಹೊತ್ತಿನ ನೆಟ್‌ನಲ್ಲಿ, ಎರಡು ಜಿಬಿ ರ‍್ಯಾಮ್‌ನ ಫೋನಿನಲ್ಲಿ ವಿಡಿಯೊ ಹೇಗೆ ಓಡುತ್ತದೆ ಎಂಬ ವರದಿ ಕಳಿಸಲು ನಮಗಿಂತ ಅನುಕೂಲದ ಜಾಗದಲ್ಲಿರುವವರು ಯಾರು? ಆಸಕ್ತಿ ಇದ್ದವರು ಹಾಕಿ ನೋಡಿ, ದೂರು ಬರೆಯಿರಿ. ಬ್ಯಾಂಕಿನ ಕೆಲಸ, ಅರ್ಜಿ ತುಂಬುವುದು ಮಾತ್ರ ಅದರಲ್ಲಿ ಬೇಡ. ಬೇರೆಯವರ ಕೈಗೆ ಫೋನ್ ಕೊಡುವಾಗ ಇದು ಪರೀಕ್ಷೆಯದ್ದು ಅಂತ ಹೇಳಿ ಕೊಡಿ.

ಕಳೆದ ಮಳೆಗಾಲದಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಗ್ರಾಮೀಣ ಪತ್ರಿಕೋದ್ಯಮ ಓದುವಾಗ ನಾವು ಮೂವರು ಸೇರಿ ಮಾಡಿದ್ದ ಫ್ಲ್ಯಾಶ್ ಪ್ರಾಜೆಕ್ಟಿನ ಸಿಡಿ ಸಿಕ್ಕಿತು. ಬೆಟ್ಟಭೂಮಿಯ ಸೊಪ್ಪು, ಅಡಿಕೆ ತೋಟ, ದನದ ಕೊಟ್ಟಿಗೆ ಇವುಗಳ ನಂಟಿನ ಬಗ್ಗೆ. ರಫಲ್ ಎಂಬ ಒಂದು ಮುಕ್ತ ತಂತ್ರಾಂಶ ಇದೆ, ಪ್ಲಗಿನ್ ಇಲ್ಲದೆ ಬ್ರೌಸರಿನೊಳಗೇ ಹಳೇ ಫ್ಲ್ಯಾಶ್ ಕಡತ ಓಡಿಸುತ್ತದೆ. ಇಂಟರ್‌ನೆಟ್ ಆರ್ಕೈವ್‌ನವರು 2020ರ ನವೆಂಬರ್‌ನಿಂದ ಹಳೇ ಅನಿಮೇಷನ್‌ಗಳನ್ನು ಇದರಲ್ಲೇ ಉಳಿಸಿಕೊಂಡಿದ್ದಾರೆ. ಅದರಲ್ಲಿ ತೆರೆದೆ. ಒಂದು ಗುಂಡಿ ಕೆಲಸ ಮಾಡಲಿಲ್ಲ, ಉಳಿದದ್ದು ಓಡಿತು. ಕನ್ನಡ ಅಕ್ಷರ ಒಂದೂ ಮುರಿದಿರಲಿಲ್ಲ, ಎಲ್ಲವನ್ನೂ ಅವತ್ತು ‘ಬ್ರೇಕ್ ಅಪಾರ್ಟ್’ ಮಾಡಿದ್ದೆವಲ್ಲ. ಆದರೆ ಅದರಲ್ಲಿರುವ ಒಂದು ಶಬ್ದವನ್ನೂ ಹುಡುಕಲು ಆಗುವುದಿಲ್ಲ, ನಕಲು ಮಾಡಲು ಆಗುವುದಿಲ್ಲ. ಕಂಪ್ಯೂಟರಿನ ಪಾಲಿಗೆ ಅದು ಬರಹವೇ ಅಲ್ಲ. ಈಗ ಕೂತು ಒಂದೊಂದೇ ಸಾಲನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ.

ಮಾವನ ವಿಡಿಯೊ ಯೂಟ್ಯೂಬ್‌ನಲ್ಲಿ ಇನ್ನೂ ಇದೆ. ಚಿತ್ರ ಮಸುಕು. ಅಮ್ಮಮ್ಮ ಈಗಿಲ್ಲ. ಹೋದ ವರ್ಷ ಊರಿಗೆ ಬಂದಿದ್ದ ಆ ಮೊಮ್ಮಗಳಿಗೆ ನನ್ನ ಫೋನಿನಲ್ಲಿ ಅದನ್ನು ತೋರಿಸಿದೆ. ಒತ್ತಿದ ತಕ್ಷಣ ಶುರುವಾಯಿತು.